ಕಿವಿಯಿಂದ ತೆಗೆದರೆ ತಾನೇ ಮಲಗುವ ಮಶೀನು: ವಿಜಯಪುರದ ನಮ್ಮ ಮನೆಯಲ್ಲಿ ನಾಲ್ಕು ತಿಂಗಳ ಬಳಕೆ

ನಮ್ಮ ತಂದೆಯವರಿಗೆ 78 ವರ್ಷ. ಶ್ರವಣಸಾಧನವನ್ನು, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಕಿವಿ ಮಶೀನನ್ನು, ಅವರು ಬಳಸತೊಡಗಿ 9 ವರ್ಷಗಳಾದವು. ಈ ಅವಧಿಯಲ್ಲಿ ಅದನ್ನು ಹಾಕಿಕೊಳ್ಳಲು ಅವರು ಎಂದೂ ಮರೆತವರಲ್ಲ. ತೆಗೆದ ಮೇಲೆ ಬಂದ್ ಮಾಡುವುದನ್ನು ಮಾತ್ರ ದಿನವೂ ಮರೆತಿದ್ದಾರೆ. ಸ್ನಾನಕ್ಕೆ ಹೋಗುವಾಗ ಗೋಡೆಯ ಗೂಡಿನಲ್ಲಿ, ಮಧ್ಯಾಹ್ನ ಮಲಗುವಾಗ ದಿಂಬಿನ ಪಕ್ಕದಲ್ಲಿ, ಮೊಮ್ಮಕ್ಕಳ ಗಲಾಟೆ ಹೆಚ್ಚಾದಾಗ ಅಂಗಿಯ ಕಿಸೆಯಲ್ಲಿ ಮಶೀನು ಕುಂಯ್ ಎಂದು ಸಿಳ್ಳೆ ಹಾಕುತ್ತ ಬಿದ್ದಿರುತ್ತಿತ್ತು. ಕಿವಿಯೊಳಗಿದ್ದಾಗ ಸ್ಪೀಕರಿನ ಧ್ವನಿ ಮೈಕಿಗೆ ಮರಳುವ ದಾರಿ ಬಹುಪಾಲು ಮುಚ್ಚಿರುತ್ತದೆ. ಹೊರಗೆ ತೆಗೆದೊಡನೆ ಆ ದಾರಿ ತೆರೆದುಕೊಂಡು, ಮಶೀನು ತನ್ನ ದನಿಯನ್ನೇ ಮತ್ತೆ ಮತ್ತೆ ಹಿಗ್ಗಿಸುತ್ತ ಸಿಳ್ಳೆ ಹೊಡೆಯುತ್ತದೆ. ವಿಪರ್ಯಾಸವೆಂದರೆ ಆ ಎತ್ತರದ ಸ್ವರವು ಮಶೀನಿನ ಒಡೆಯನಿಗೇ ಕೇಳಿಸುವುದಿಲ್ಲ. "ಬೆಕ್ಕಿಗೆ ಕೇಳಸ್ತದ, ನನಗ ಕೇಳಸಂಗಿಲ್ಲ" ಎಂದು ಅವರೇ ನಗುತ್ತಿದ್ದರು.

ಹೀಗಾಗಿ ಈ ಸಲ ಹೊಸ ಜೋಡಿ ಕೊಳ್ಳುವಾಗ, ಕಿವಿಯಲ್ಲಿ ಇದೆಯೋ ಇಲ್ಲವೋ ಎಂಬುದನ್ನು ತಾನೇ ಗುರುತಿಸಿ, ಇಲ್ಲದಿದ್ದಾಗ ನಿದ್ರಾಸ್ಥಿತಿಗೆ ಜಾರುವ ಸೌಲಭ್ಯವನ್ನು ಮುಖ್ಯವಾಗಿ ಹುಡುಕಿದೆವು. ಕೊಂಡದ್ದು ಊರಿನ ಅಂಗಡಿಯೊಂದರಲ್ಲಿ. ಕಿವಿಯ ಹಿಂದೆ ಕೂರುವ, ಚಾರ್ಜ್ ಮಾಡಬಹುದಾದ ಲಿಥಿಯಂ ಅಯಾನ್ ಬ್ಯಾಟರಿಯ ಮಾದರಿ. ದೂರುಗಳನ್ನೂ ಹೇಳುವುದಿರುವುದರಿಂದ ಕಂಪನಿಯ ಹೆಸರನ್ನು ಇಲ್ಲಿ ಬಿಟ್ಟಿದ್ದೇನೆ.

ಮೊದಲು ವಿದ್ಯುತ್ತಿನ ಲೆಕ್ಕ. ತಂದೆಯವರು ಬೆಳಿಗ್ಗೆ 6ಕ್ಕೆ ಮಶೀನು ಹಾಕಿಕೊಂಡರೆ ರಾತ್ರಿ 9ಕ್ಕೆ ಚಾರ್ಜರಿನಲ್ಲಿಡುತ್ತಾರೆ. ಈ 15 ಗಂಟೆಗಳಲ್ಲಿ ಸುಮಾರು 4 ಗಂಟೆ ಅದು ಕಿವಿಯಲ್ಲಿ ಇರುವುದೇ ಇಲ್ಲ. ಸೌಲಭ್ಯವನ್ನು ಬಂದ್ ಇಟ್ಟು ಒಂದು ವಾರ, ಚಾಲೂ ಇಟ್ಟು ಒಂದು ವಾರ, ರಾತ್ರಿ 9ಕ್ಕೆ ಮೊಬೈಲ್ ಆ್ಯಪ್ ತೋರಿಸುವ ಅಂಕಿಯನ್ನು ಬರೆದಿಟ್ಟೆ. ಮೊದಲ ವಾರ ಉಳಿಯುತ್ತಿದ್ದುದು ಶೇಕಡಾ 20ರ ಆಸುಪಾಸು, ಎರಡನೆಯ ವಾರ 36ರ ಆಸುಪಾಸು. ಕಿವಿಯಲ್ಲಿರುವಾಗ ಗಂಟೆಗೆ ಸುಮಾರು 5ರಷ್ಟು ಖರ್ಚಾಗುವ ಮಶೀನು, ಮಲಗಿದಾಗ 1ರಷ್ಟನ್ನು ಮಾತ್ರ ತಿನ್ನುತ್ತದೆ ಎಂದು ಇದರಿಂದ ಲೆಕ್ಕ ಸಿಗುತ್ತದೆ. ಹೊಸ ಬ್ಯಾಟರಿಯಲ್ಲಿ ಈ ವ್ಯತ್ಯಾಸ ದೊಡ್ಡದೆನಿಸದು, ಎರಡೂ ವಾರ ದಿನ ಸಾಗಿಹೋಯಿತು. ಆದರೆ ಲಿಥಿಯಂ ಬ್ಯಾಟರಿಯ ಧಾರಣಶಕ್ತಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಐದರಲ್ಲಿ ಒಂದು ಪಾಲು ಕುಗ್ಗಿದ ದಿನ, ಸೌಲಭ್ಯವಿಲ್ಲದ ಮಶೀನು ರಾತ್ರಿಯ ಊಟದ ಹೊತ್ತಿಗೆ ಮೂಕವಾಗುತ್ತದೆ, ಸೌಲಭ್ಯವಿರುವುದು ಹಾಸಿಗೆಯವರೆಗೆ ಬರುತ್ತದೆ. ಫೋನಿನ ಮಾತನ್ನು ಬ್ಲೂಟೂತ್ ಮೂಲಕ ನೇರವಾಗಿ ಕಿವಿಗೆ ತರಿಸಿಕೊಳ್ಳುವವರಿಗೆ ಖರ್ಚು ಇನ್ನೂ ಹೆಚ್ಚು, ಆದ್ದರಿಂದ ಉಳಿತಾಯದ ಬೆಲೆಯೂ ಹೆಚ್ಚು.

ಗುಂಡಿ ಬ್ಯಾಟರಿಯ ಮಶೀನು ಉಳ್ಳವರು ಇದೇ ಲಾಭವನ್ನು ನಿರೀಕ್ಷಿಸಬಾರದು. ನಮ್ಮ ಹಳೆಯ ಮಶೀನಿಗೆ ಕಂದು ಬಣ್ಣದ ಚೀಟಿಯ 312 ನಂಬರಿನ ಜಿಂಕ್-ಏರ್ ಸೆಲ್ ಹಾಕುತ್ತಿದ್ದೆವು. ಆ ಚೀಟಿಯನ್ನು ಕಿತ್ತೊಡನೆ ಸಣ್ಣ ರಂಧ್ರಗಳಿಂದ ಗಾಳಿ ಒಳನುಗ್ಗಿ, ಗಾಳಿಯ ಆಮ್ಲಜನಕ ಮತ್ತು ಸತುವಿನ ಕ್ರಿಯೆ ಶುರುವಾಗುತ್ತದೆ. ಚೀಟಿಯನ್ನು ಮರಳಿ ಅಂಟಿಸಿದರೂ ಸೆಲ್ ಮೊದಲಿನಂತಾಗದು. ಮಶೀನು ಮಲಗಿದರೆ ಅದು ಎಳೆಯುವ ವಿದ್ಯುತ್ತು ಉಳಿಯುವುದು ನಿಜ, ಆದರೆ ಸೆಲ್ಲಿನ ಒಳಗಿನ ತೇವ ಆರುವುದನ್ನು ಯಾವ ಸೆನ್ಸರೂ ತಡೆಯಲಾರದು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮೂರಿನ ಒಣ ಬಿಸಿಲಿನಲ್ಲಿ ಸೆಲ್ಲುಗಳು ಮಳೆಗಾಲಕ್ಕಿಂತ ಬೇಗ ಸಾಯುತ್ತಿದ್ದುದಕ್ಕೆ ನಾವು ಬಹುಕಾಲ ಅಂಗಡಿಯವರನ್ನೇ ದೂರಿದ್ದೆವು.

ಈಗ ಗುರುತಿಸುವ ಬಗೆ. ಇದಕ್ಕೆ ಹಲವು ದಾರಿಗಳಿವೆ: ಚಲನೆಯನ್ನು ಅಳೆಯುವ ಸೆನ್ಸರು, ಚರ್ಮದ ಸಾಮೀಪ್ಯವನ್ನು ವಿದ್ಯುತ್ ಧಾರಕತೆಯಿಂದ ತಿಳಿಯುವ ಪಟ್ಟಿ, ಅವಗೆಂಪು ಬೆಳಕನ್ನು ಚಿಮ್ಮಿಸಿ ಮರಳುವುದನ್ನು ನೋಡುವ ಕಣ್ಣು, ಮತ್ತು ಮೇಲೆ ಹೇಳಿದ ಸಿಳ್ಳೆಯ ದಾರಿಯನ್ನೇ ಅಳೆದು ಕಿವಿ ಮುಚ್ಚಿದೆಯೋ ತೆರೆದಿದೆಯೋ ಎಂದು ಊಹಿಸುವ ಲೆಕ್ಕಾಚಾರ. ಯಾವುದೊಂದೇ ಆದರೂ ಮೋಸಹೋಗುತ್ತದೆ. ಪರೀಕ್ಷೆಗೆಂದು ನಾವು ಮೊದಲು ಮನೆಗೆ ತಂದಿದ್ದ ಬೇರೊಂದು ಮಾದರಿ ಚಲನೆಯನ್ನಷ್ಟೇ ನಂಬುತ್ತಿತ್ತು. ತಂದೆಯವರು ಆರಾಮ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕುಳಿತಿದ್ದಾಗ ಅದು ಮಲಗಿಬಿಟ್ಟಿತು. ಬಾಗಿಲು ಬಡಿದದ್ದು ಅವರಿಗೆ ತಿಳಿಯಲೇ ಇಲ್ಲ. ಬೇಡದಾಗ ಚಾಲೂ ಉಳಿದರೆ ನಷ್ಟವಾಗುವುದು ಒಂದಿಷ್ಟು ಕರೆಂಟು. ಬೇಕಾದಾಗ ಮಲಗಿದರೆ ನಷ್ಟವಾಗುವುದು ಕಿವಿಯೇ. ಸಂಶಯವಿದ್ದಾಗ ಎಚ್ಚರವಾಗಿರುವ ಮಶೀನೇ ಸರಿಯಾದದ್ದು ಎಂಬ ನನ್ನ ಅಭಿಪ್ರಾಯ ಅಂದು ಗಟ್ಟಿಯಾಯಿತು, ಆ ಮಾದರಿಯನ್ನು ಮರುದಿನವೇ ಹಿಂತಿರುಗಿಸಿದೆವು.

ಕೊಂಡ ಜೋಡಿಯು ಚಲನೆ ನಿಂತದ್ದನ್ನೂ ಚರ್ಮ ದೂರವಾದದ್ದನ್ನೂ ಕೂಡಿಸಿ ನೋಡಿದ ಮೇಲೆಯೇ ನಿರ್ಧರಿಸುತ್ತದೆ. ಜ್ಞಾನಯೋಗಾಶ್ರಮದಲ್ಲಿ ಪ್ರವಚನ ಕೇಳುತ್ತ ತಂದೆಯವರು ಒಂದು ಗಂಟೆ ಅಲುಗಾಡದೆ ಕುಳಿತರೂ ಒಮ್ಮೆಯೂ ದನಿ ಕಡಿಯಲಿಲ್ಲ. ಮೇಜಿನ ಮೇಲಿಟ್ಟರೆ ಸುಮಾರು ಎರಡು ನಿಮಿಷಕ್ಕೆ ಮಲಗುತ್ತದೆ. ಆಗ ಧ್ವನಿವರ್ಧನೆಯೂ ಬ್ಲೂಟೂತೂ ನಿಂತು, ಬಹಳ ಕಡಿಮೆ ವಿದ್ಯುತ್ತಿನಲ್ಲಿ ಸೆನ್ಸರುಗಳು ಮಾತ್ರ ಕಾವಲು ಕಾಯುತ್ತವೆ. ಮರಳಿ ಕಿವಿಗೇರಿಸಿದರೆ ಎರಡು ಮೂರು ಸೆಕೆಂಡಿಗೆ ಸಣ್ಣ ಸ್ವರ ಹೊರಡಿಸಿ ಏಳುತ್ತದೆ. ಫೋನು ಬಂದಾಗ ಬಲಗಿವಿಯದನ್ನು ಮಾತ್ರ ತೆಗೆಯುವುದು ತಂದೆಯವರ ಹಳೆಯ ಚಾಳಿ. ಆಗ ಎಡಗಿವಿಯದು ತನ್ನ ಪಾಡಿಗೆ ನಡೆಯುತ್ತಲೇ ಇರುತ್ತದೆ.

ಕೊರತೆಗಳೂ ಇವೆ. ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡರೆ ಅಂಗೈಯೂ ಚರ್ಮವೇ ಆದ್ದರಿಂದ ಮಶೀನು ಅದನ್ನೇ ಕಿವಿಯೆಂದು ತಿಳಿದು ಸಿಳ್ಳೆ ಮುಂದುವರಿಸುತ್ತದೆ. ಬೇಸಿಗೆಯ ಬೆವರು ಮೆತ್ತಿದ್ದರೆ ಒರೆಸುವವರೆಗೆ ಮಲಗಲು ತಡಮಾಡುತ್ತದೆ. ಎಲ್ಲಕ್ಕಿಂತ ಕಿಸೆಯೇ ಇದರ ದೊಡ್ಡ ಶತ್ರು: ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಗದ್ದಲ ತಾಳಲಾರದೆ ತಂದೆಯವರು ಎರಡನ್ನೂ ಅಂಗಿಯ ಕಿಸೆಗಿಳಿಸಿ ಸಂಜೆಯವರೆಗೆ ಸುತ್ತಾಡಿದರು. ನಡಿಗೆಯ ಚಲನೆ, ತೆಳು ಬಟ್ಟೆಯಾಚೆಗಿನ ಮೈ ಎರಡೂ ಸೇರಿ ಮಶೀನಿಗೆ ಧರಿಸಿದಂತೆಯೇ ತೋರಿರಬೇಕು. ಮನೆಗೆ ಬಂದಾಗ ಅಂಕಿ ಶೇಕಡಾ 30ಕ್ಕೆ ಇಳಿದಿತ್ತು. ಈಗ ಹೊರಗೆ ಹೋಗುವಾಗ ಚಾರ್ಜರಿನ ಡಬ್ಬಿಯನ್ನೇ ಚೀಲದಲ್ಲಿಟ್ಟು ಕಳಿಸುತ್ತೇವೆ, ಅದರಲ್ಲಿಟ್ಟರೆ ತಪ್ಪದೆ ಬಂದ್ ಆಗುತ್ತದೆ. ತೆಗೆದಾಗಲೆಲ್ಲ ಡಬ್ಬಿಯಲ್ಲಿಡುವ ಶಿಸ್ತು ಇರುವವರು ಈ ಸೌಲಭ್ಯಕ್ಕೆಂದು ಹೆಚ್ಚಿನ ಹಣ ಕೊಡಬೇಕಾಗಿಲ್ಲ.

ಅಂಗಡಿಯ ಸೇವೆಯ ಬಗ್ಗೆ ಒಂದು ಮಾತು. ಮೊದಲ ಮೂರು ವಾರ ಮಶೀನು ಮೇಜಿನ ಮೇಲೆ ಹಳೆಯದರಂತೆಯೇ ಸಿಳ್ಳೆ ಹೊಡೆಯುತ್ತಿತ್ತು, ನಾವು ಮೋಸಹೋದೆವೆಂದೇ ತಿಳಿದಿದ್ದೆವು. ವಿಚಾರಿಸಲು ಹೋದಾಗ, ಕಿವಿಯ ಅಳತೆಗೆ ಮಶೀನನ್ನು ಹೊಂದಿಸುವ ಕಂಪ್ಯೂಟರಿನಲ್ಲಿ ಈ ಸೌಲಭ್ಯವನ್ನು ಯಾರೂ ಚಾಲೂ ಮಾಡಿರಲೇ ಇಲ್ಲವೆಂದು ಗೊತ್ತಾಯಿತು. ಅಲ್ಲಿನ ಆಡಿಯಾಲಜಿಸ್ಟ್ ಹುಡುಗಿ ತಪ್ಪನ್ನು ಒಪ್ಪಿಕೊಂಡು, ಹತ್ತು ನಿಮಿಷದಲ್ಲಿ ಅದನ್ನು ಸರಿಪಡಿಸಿ, ಹಣ ಕೇಳದೆ ಕಳಿಸಿದರು. ಮಲಗುವ ಮುಂಚಿನ ಎರಡು ನಿಮಿಷವನ್ನು ಮೂವತ್ತು ಸೆಕೆಂಡಿಗೆ ಇಳಿಸಲು ಬರುವುದೇ ಎಂದು ಕೇಳಿದ್ದಕ್ಕೆ, ಈ ಮಾದರಿಯಲ್ಲಿ ಅದು ಸಾಧ್ಯವಿಲ್ಲವೆಂದರು. ಆ ಎರಡು ನಿಮಿಷ ನಮ್ಮ ಬೆಕ್ಕು ಇನ್ನೂ ಕೋಣೆಯ ಹೊರಗೇ ಇರುತ್ತದೆ.