ಗಾರ್ಮೆಂಟ್ಸ್ ಕೆಲಸವೋ, ಮನೆಯಲ್ಲೇ ಪೀಸ್ ಲೆಕ್ಕದ ಹೊಲಿಗೆಯೋ?

ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದರೆ ಕನಿಷ್ಠ ವೇತನ ಕಾನೂನಿನ ಹಕ್ಕು. ಅದರಲ್ಲಿ ಪಿಎಫ್‌ಗೆ (ಮುಂದಿನ ದಿನಗಳಿಗೆ ಉಳಿಯುವ ಭವಿಷ್ಯ ನಿಧಿ) ಶೇ 12, ಇಎಸ್‌ಐಗೆ (ಕಾರ್ಮಿಕರ ಆರೋಗ್ಯ ವಿಮೆ) ಶೇ 0.75 ಹೋಗುತ್ತದೆ. ಕೈಗೆ ಬರೋದು ಕಮ್ಮಿ ಅನಿಸುತ್ತೆ, ಅಲ್ವಾ? ಆದರೆ ಪಿಎಫ್‌ಗೆ ಮಾಲೀಕರೂ ಅಷ್ಟೇ ಕಟ್ಟಬೇಕು. ಇಎಸ್‌ಐಗೆ ಅವರ ಪಾಲು ಶೇ 3.25. ಮೊದಲೆರಡು ಮಕ್ಕಳಿಗೆ 26 ವಾರ ಹೆರಿಗೆ ರಜೆ, ಸಂಬಳದ ಸಮೇತ. ಇದನ್ನು ಸುಮ್ನೆ ಬಿಡಬೇಡಿ.

ತೊಂದರೆಯೂ ಇದೆ. ಕೂಲಿ ಏರಿದಾಗ ಕೆಲವರು ಗಂಟೆಯ ಟಾರ್ಗೆಟ್ ಏರಿಸುತ್ತಾರೆ, ಇಲ್ಲವೇ ಕೂಲಿ ಕಡಿಮೆ ಇರುವ ಊರಿಗೆ ಫ್ಯಾಕ್ಟರಿಯನ್ನೇ ಸಾಗಿಸುತ್ತಾರೆ.

ಮನೆ ಹೊಲಿಗೆಯಲ್ಲಿ ಸೂಪರ್‌ವೈಸರ್ ಬೈಗುಳವಿಲ್ಲ, ಮಗು ಕಣ್ಣೆದುರಿಗೇ ಇರುತ್ತದೆ. ಆದರೆ ದಾರ, ಸೂಜಿ, ಕರೆಂಟು, ಮೆಷಿನ್ ರಿಪೇರಿ ಎಲ್ಲ ನಿಮ್ಮದೇ. ಆರ್ಡರ್ ನಿಂತರೆ ದುಡ್ಡೂ ನಿಂತಿತು.

ಮಗು ನೋಡಿಕೊಳ್ಳಲು ಯಾರಾದರೂ ಇದ್ದರೆ ನಾನಂತೂ ಗಾರ್ಮೆಂಟ್ಸ್‌ಗೇ ಹೋಗಿ ಅಂತೀನಿ. ಸೇರುವ ದಿನವೇ ಪಿಎಫ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ.