ಡರ್ಟ್ ಬೈಕಿಗೆ ಡೀಸೆಲ್ ಎಂಜಿನ್ ಆಯಿಲ್: ಬಹುಕಾಲ ಬಳಸಿದವನ ವಿಮರ್ಶೆ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗಾಗಿ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಲಾರಿ, ಟ್ರ್ಯಾಕ್ಟರುಗಳಿಗೆಂದು ದೊಡ್ಡ ಕ್ಯಾನಿನಲ್ಲಿ ಬರುವ ಡೀಸೆಲ್ ಎಂಜಿನ್ ಆಯಿಲ್, ಅದರ ಲೇಬಲ್ಲಿನಲ್ಲಿ ಜಾಸೊ ಎಂಎ ಅಥವಾ ಎಂಎ2 (ಬೈಕಿನ ಕ್ಲಚ್ಚಿಗೆ ಹೊಂದುವ ಆಯಿಲ್ ಎಂದು ಹೇಳುವ ಜಪಾನಿನ ದರ್ಜೆ) ಎಂದು ಬರೆದಿದ್ದರೆ, ನನ್ನ ಫೋರ್ ಸ್ಟ್ರೋಕ್ ಎಂಡ್ಯೂರೋ ಬೈಕಿಗೆ, ಅಂದರೆ ಕಾಡು, ಕಲ್ಲು ದಾರಿಗೆಂದು ಮಾಡಿದ ಡರ್ಟ್ ಬೈಕಿಗೆ, ಧಾರಾಳವಾಗಿ ಸಾಕು. ಜೊತೆಗೆ ಕೊಂಡವುಗಳಲ್ಲಿ ಮ್ಯಾಗ್ನೆಟ್ ಇರುವ ಡ್ರೈನ್ ಬೋಲ್ಟ್ ಮತ್ತು ಸ್ಪಾರ್ಕ್ ಪ್ಲಗ್ ವೈರಿಗೆ ಸುತ್ತಿ ಎಂಜಿನ್ ಓಡಿದ ಗಂಟೆ ಎಣಿಸುವ ಅವರ್ ಮೀಟರ್ ಕೊಟ್ಟ ದುಡ್ಡಿಗೆ ಮೋಸ ಮಾಡಿಲ್ಲ. ತೊಳೆದು ಮತ್ತೆ ಹಾಕುವ ಸ್ಟೀಲ್ ಜಾಲರಿ ಫಿಲ್ಟರ್ ಮಾತ್ರ ಈಗ ಬೈಕಿನಲ್ಲಿಲ್ಲ, ಡಬ್ಬಿಯಲ್ಲಿದೆ.

ರಸ್ತೆ ಬೈಕಿನವರಿಗೆ ಈ ಲೆಕ್ಕಾಚಾರವೇ ವಿಚಿತ್ರ ಅನ್ನಿಸಬಹುದು. ಸಾವಿರಾರು ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸುವವರು ಒಂದು ಲೀಟರಿನ ಬೆಲೆಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ನಮ್ಮದು ಗಂಟೆ ಲೆಕ್ಕ. ಹೋಂಡಾ ಸಿಆರ್‌ಎಫ್450ಆರ್ ಮೋಟೋಕ್ರಾಸ್ ಬೈಕಿನ ಕೈಪಿಡಿಯಲ್ಲಿ 6 ರೇಸಿಗೊಮ್ಮೆ ಅಥವಾ ಸುಮಾರು 15 ಗಂಟೆಗೊಮ್ಮೆ ಎಂದಿದೆ. ಕೆಟಿಎಂನ ಹಲವು ಫೋರ್ ಸ್ಟ್ರೋಕ್ ಎಂಡ್ಯೂರೋ ಬೈಕುಗಳಿಗೂ 15 ಗಂಟೆಯೇ. ಮೈಮುರಿದು ಓಡಿಸುವವರು ಅಷ್ಟೂ ಕಾಯದೆ ಅರ್ಧದಲ್ಲೇ ಬದಲಿಸುತ್ತಾರೆ. ಈ ಎಂಜಿನ್ನುಗಳ ಹೊಟ್ಟೆಯಲ್ಲಿರುವುದು ಒಂದು, ಹೆಚ್ಚೆಂದರೆ ಒಂದೂವರೆ ಲೀಟರ್ ಆಯಿಲ್. ಪಿಸ್ಟನ್, ಕ್ಯಾಮ್, ಗೇರು, ಕ್ಲಚ್ ಎಲ್ಲವೂ ಅಷ್ಟರಲ್ಲೇ ಸಂಸಾರ ನಡೆಸಬೇಕು. ಹಳೆಯ ಸಿಆರ್‌ಎಫ್250ಆರ್, 450ಆರ್‌ಗಳಲ್ಲಿ ಎಂಜಿನ್ನಿಗೊಂದು, ಗೇರ್‌ಬಾಕ್ಸಿಗೊಂದು ಎಂದು ಆಯಿಲ್ ಬೇರೆ ಬೇರೆ ಇರುತ್ತಿತ್ತು. ನನ್ನ ಬೈಕಿಗೆ ಆ ಭಾಗ್ಯವಿಲ್ಲ. ಇನ್ನು ರಸ್ತೆಯಲ್ಲೂ ಓಡುವ, ಕೈಪಿಡಿಯಲ್ಲಿ ಕಿಲೋಮೀಟರ್ ಲೆಕ್ಕವಿರುವ ಟ್ರೇಲ್ ಬೈಕ್ ನಿಮ್ಮದಾದರೆ ಈ ಜಿಪುಣತನದ ಅಗತ್ಯ ಅಷ್ಟಾಗಿ ಇಲ್ಲ.

ಖರ್ಚು ಇಳಿಸಲು ದಾರಿ ಎರಡು. ಅವಧಿಯನ್ನು ಎಳೆಯುವುದು ಒಂದು, ಕಡಿಮೆ ಬೆಲೆಯ ಆಯಿಲ್ ಹಾಕಿ ಹೊತ್ತಿಗೆ ಸರಿಯಾಗಿ ಬದಲಿಸುವುದು ಇನ್ನೊಂದು. ದುಬಾರಿ ರೇಸಿಂಗ್ ಆಯಿಲ್ ಹಾಕಿಸಿ, 'ಇಷ್ಟು ಕೊಟ್ಟಿದ್ದೇನೆ, ಇನ್ನೆರಡು ರೈಡ್ ಹೋಗಲಿ ಬಿಡು' ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಆಯಿಲಿನಲ್ಲಿ ಸೇರಿಕೊಂಡ ಕ್ಲಚ್ ಪುಡಿ, ಪೆಟ್ರೋಲು, ಲೋಹದ ಧೂಳು ಬ್ರ್ಯಾಂಡಿನ ಮುಖ ನೋಡಿ ಜಾಗ ಖಾಲಿ ಮಾಡುವುದಿಲ್ಲ. ಅವು ಹೊರಗೆ ಹೋಗುವುದು ಡ್ರೈನ್ ಬೋಲ್ಟಿನ ತೂತಿನಿಂದಲೇ. ಹಾಗಾಗಿ ನನ್ನ ಉಳಿತಾಯವೆಲ್ಲ ಡಬ್ಬಿಯ ಬೆಲೆಯಲ್ಲಿ, ಗಂಟೆಯಲ್ಲಿ ಒಂದು ಚೂರೂ ಇಲ್ಲ.

ಡೀಸೆಲ್ ಆಯಿಲ್ ಎಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಕ್ಲಚ್ ಸ್ಲಿಪ್ ಆಗುವುದಿಲ್ಲವಾ? ಕೇಳಬೇಕಾದದ್ದೇ. ನಮ್ಮ ಬೈಕುಗಳ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ನೆನೆದಿರುತ್ತವೆ. ಕಾರಿನ ತೆಳು ಆಯಿಲುಗಳಲ್ಲಿ ಮೈಲೇಜ್ ಹೆಚ್ಚಲಿ ಎಂದು ಘರ್ಷಣೆ ತಗ್ಗಿಸುವ ರಾಸಾಯನಿಕ ಬೆರೆಸಿರುತ್ತಾರೆ. ಕಾರಿನ ಕ್ಲಚ್ಚಿಗೂ ಎಂಜಿನ್ ಆಯಿಲಿಗೂ ಸಂಬಂಧವೇ ಇಲ್ಲದ್ದರಿಂದ ಅಲ್ಲಿ ಅದು ನಡೆಯುತ್ತದೆ, ಇಲ್ಲಿ ಅದೇ ಪ್ಲೇಟುಗಳ ಹಿಡಿತ ತಪ್ಪಿಸುತ್ತದೆ. ಈ ಗೊಂದಲ ಬಗೆಹರಿಸಲೆಂದೇ 1998ರಲ್ಲಿ ಜಪಾನಿನಲ್ಲಿ ಜಾಸೊ ಟಿ903 ಎಂಬ ಮಾನದಂಡ ಬಂತು. ಎಂಎ ಎಂದರೆ ಒದ್ದೆ ಕ್ಲಚ್ಚಿಗೆ ಬೇಕಾದ ಘರ್ಷಣೆ ಉಳಿಸಿಕೊಂಡ ಆಯಿಲ್. ಎಂಬಿ ಎಂದರೆ ಘರ್ಷಣೆ ಕಡಿಮೆ, ಅದು ಸ್ಕೂಟರುಗಳಂಥವಕ್ಕೆ. 2006ರಲ್ಲಿ ಎಂಎಯನ್ನೇ ಎಂಎ1, ಎಂಎ2 ಎಂದು ಒಡೆದರು, ಎಂಎ2ರದ್ದು ಹೆಚ್ಚಿನ ಹಿಡಿತ. ಪ್ಲೇಟು ಜಾರುತ್ತಿರುವಾಗಿನ ಘರ್ಷಣೆ, ನಿಂತಾಗಿನ ಘರ್ಷಣೆ, ಕಚ್ಚಿ ನಿಲ್ಲಲು ಹಿಡಿಯುವ ಸಮಯ, ಈ ಮೂರನ್ನೂ ಯಂತ್ರದ ಮೇಲೆ ಅಳೆದು ದರ್ಜೆ ಕೊಡುತ್ತಾರೆ. ಡಬ್ಬಿಯ ಮುಂಭಾಗದ ಬೆಂಕಿ, ಮಿಂಚಿನ ಚಿತ್ರಗಳಿಗಿಂತ ಹಿಂಭಾಗದ ಈ ಎರಡಕ್ಷರ ನನಗೆ ಮುಖ್ಯ.

ಲಾರಿ ಎಂಜಿನ್ನಿನ ದಪ್ಪ ಆಯಿಲುಗಳಲ್ಲಿ ಈ ಮೈಲೇಜ್ ರಾಸಾಯನಿಕದ ಹಾವಳಿ ಸಾಮಾನ್ಯವಾಗಿ ಇರುವುದಿಲ್ಲ. ಬದಲಿಗೆ ಮಸಿಯನ್ನು ತನ್ನಲ್ಲೇ ತೇಲಿಸಿಟ್ಟುಕೊಳ್ಳುವ, ಒಳಭಾಗವನ್ನು ಚೊಕ್ಕಟವಾಗಿಡುವ ಡಿಟರ್ಜೆಂಟ್ ಜಾಸ್ತಿ. ಕೆಲವು ಕಂಪನಿಗಳು ಇಂಥ ಆಯಿಲಿಗೆ ಜಾಸೊ ದರ್ಜೆಯನ್ನೂ ಬರೆದುಕೊಡುತ್ತವೆ. ಡರ್ಟ್ ಬೈಕಿನವರ ಬಾಯಲ್ಲಿ ಬಹಳ ಓಡಾಡಿದ ಹೆಸರು ಶೆಲ್ ರೋಟೆಲ್ಲಾ ಟಿ6, 5ಡಬ್ಲ್ಯೂ-40 (ಇದು ಆಯಿಲಿನ ದಪ್ಪ ಹೇಳುವ ಗ್ರೇಡ್). ಅದರ ಮೇಲೆ ಎಂಎ/ಎಂಎ2 ಎಂದೇ ಇದೆ. ಹಾಗಂತ ಒಂದೇ ಹೆಸರಿನಲ್ಲಿ ಬರುವ ಬೇರೆ ಗ್ರೇಡಿನ ಕ್ಯಾನಿಗೂ ಈ ಮಾತು ಅನ್ವಯಿಸುತ್ತದೆ ಎಂದುಕೊಳ್ಳಬೇಡಿ, ಪ್ರತಿ ಕ್ಯಾನನ್ನೂ ತಿರುಗಿಸಿ ಓದಿ. ಡೀಸೆಲ್ ಆಯಿಲುಗಳಲ್ಲೇ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ದರ್ಜೆ) ಎಫ್ಎ-4 ಎಂಬ ತೆಳು ಜಾತಿಯೊಂದಿದೆ, ಅದು ನಮಗಲ್ಲ. ಲೇಬಲ್ಲಿನಲ್ಲಿರುವ ಎಪಿಐಯ ಉಂಗುರದಾಕಾರದ ಮುದ್ರೆಯ ಕೆಳಗಡೆ ಎನರ್ಜಿ ಕನ್ಸರ್ವಿಂಗ್ ಅಥವಾ ರಿಸೋರ್ಸ್ ಕನ್ಸರ್ವಿಂಗ್ ಎಂದು ಕಂಡರೆ ಅದನ್ನೂ ಅಲ್ಲೇ ಇಟ್ಟು ಬನ್ನಿ. ನಾನು ಬಳಸುವ ಬ್ರ್ಯಾಂಡ್ ಯಾವುದು ಅಂತ ಹೇಳಿ ಪ್ರಯೋಜನವಿಲ್ಲ, ಅದು ಎಲ್ಲ ಕಡೆ ಸಿಗುವಂಥದ್ದಲ್ಲ. 5ಡಬ್ಲ್ಯೂ-40, ಎಂಎ2, ದೊಡ್ಡ ಕ್ಯಾನ್, ಇಷ್ಟೇ ಅದರ ಜಾತಕ.

ಇನ್ನು ಅನುಭವ. ಕ್ಲಚ್ ವಿಷಯದಲ್ಲಿ ತಕರಾರಿಲ್ಲ. ಕಲ್ಲುಬಂಡೆಯ ಏರುಗಳಲ್ಲಿ ಅರ್ಧ ಕ್ಲಚ್ಚಿನಲ್ಲೇ ಹತ್ತಿಸುವುದು ನನ್ನ ಚಾಳಿ. ಹಾಗೆ ಬೇಯಿಸಿದ ಮೇಲೂ ಲಿವರ್ ಬಿಟ್ಟ ಕೂಡಲೇ ಹಿಂದಿನ ಚಕ್ರ ಎಳೆಯುತ್ತದೆ. ಪ್ಲೇಟು ತೆಗೆದು ನೋಡಿದಾಗಲೂ ಅವು ನುಣ್ಣಗೆ ಹೊಳಪೇರಿರಲಿಲ್ಲ, ಅಳತೆಯೂ ಕೈಪಿಡಿಯ ಮಿತಿಯೊಳಗೇ ಇತ್ತು.

ಕೊರತೆ ಕಾಣುವುದು ಗೇರಿನಲ್ಲಿ. ಹೊಸ ಆಯಿಲ್ ಹಾಕಿದಾಗ ಬೆಣ್ಣೆಯಂತೆ ಬೀಳುವ ಗೇರು, ಗಂಟೆಗಳು ಏರಿದಂತೆ ಕಟಕಟ ಅನ್ನಲು ಶುರುಮಾಡುತ್ತದೆ. ಬೈಕ್ ನಿಲ್ಲಿಸಿದಾಗ ನ್ಯೂಟ್ರಲ್ ಹುಡುಕಬೇಕಾಗುತ್ತದೆ, ಬಿಸಿಯಲ್ಲಿ ಎಂಜಿನ್ನಿನ ಮೇಲ್ಭಾಗದ ಸದ್ದೂ ಸ್ವಲ್ಪ ಒರಟಾಗುತ್ತದೆ. ಇದಕ್ಕೆ ಕಾರಣವಿದೆ. 5ಡಬ್ಲ್ಯೂ-40 ಎಂದರೆ ಚಳಿಯಲ್ಲಿ ತೆಳುವಾಗಿದ್ದು ಬಿಸಿಯಲ್ಲಿ 40ರ ದಪ್ಪ ಉಳಿಸಿಕೊಳ್ಳಬೇಕು. ಅದಕ್ಕಾಗಿ ಉದ್ದುದ್ದ ಪಾಲಿಮರ್ ಎಳೆಗಳನ್ನು ಬೆರೆಸಿರುತ್ತಾರೆ. ಗೇರ್ ಹಲ್ಲುಗಳ ನಡುವೆ ಸಿಕ್ಕಿ ಆ ಎಳೆಗಳು ತುಂಡಾಗುತ್ತವೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 40 ಗ್ರೇಡ್ ಎನ್ನಿಸಿಕೊಳ್ಳಲು ಆಯಿಲಿನ ಸ್ನಿಗ್ಧತೆ 12.5ರಿಂದ 16.3 ಸೆಂಟಿಸ್ಟೋಕ್ಸ್ ನಡುವೆ ಇರಬೇಕು. 12.5ಕ್ಕಿಂತ ಇಳಿಯಿತೆಂದರೆ ನೀವು ಓಡಿಸುತ್ತಿರುವುದು 30 ಗ್ರೇಡಿನ ಆಯಿಲ್. ಲಾರಿಯಲ್ಲಿ ಗೇರ್‌ಬಾಕ್ಸಿಗೆ ಬೇರೆಯೇ ಆಯಿಲ್ ಇರುವುದರಿಂದ ಎಂಜಿನ್ ಆಯಿಲಿಗೆ ಈ ಅರೆತ ತಟ್ಟುವುದಿಲ್ಲ. ಬೈಕಿಗೆಂದೇ ಮಾಡಿದ ಒಳ್ಳೆಯ ಸಿಂಥೆಟಿಕ್ ಆಯಿಲ್ ಈ ವಿಷಯದಲ್ಲಿ ಹೆಚ್ಚು ಕಾಲ ತಾಳುತ್ತದೆ, ನಾನು ಎರಡನ್ನೂ ಓಡಿಸಿದ್ದೇನೆ, ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ. ಆದರೆ ಆ ಹೊತ್ತಿಗೆ ಬದಲಿಸುವ ಸಮಯವೂ ಬಂದಿರುತ್ತದಲ್ಲ. 15 ಗಂಟೆಯ ಗಡುವಿನ ಮಧ್ಯದಲ್ಲೇ ಹೊರಗೆ ಸುರಿಯುವ ಆಯಿಲಿಗೆ 15 ಗಂಟೆಯ ತಾಳಿಕೆಯ ಬೆಲೆ ಕೊಡುವುದು ಯಾಕೆ?

ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸಬಾರದೇ ಎಂದು ಕೆಲವರು ಕೇಳುತ್ತಾರೆ. ಇಪ್ಪತ್ತು ಲೀಟರ್ ಆಯಿಲ್ ಕುಡಿಯುವ ಲಾರಿಗೆ ಅದು ಸರಿ. ಒಂದು ಲೀಟರಿನ ಎಂಜಿನ್ನಿಗೆ ಪರೀಕ್ಷೆ ಮಾಡಿಸುವುದಕ್ಕಿಂತ ಹೊಸದನ್ನೇ ಹಾಕುವುದು ಮೇಲು.

ಬಣ್ಣ ನೋಡಿ ಆಯಿಲ್ ಅಳೆಯುವ ಅಭ್ಯಾಸ ಡರ್ಟ್ ಬೈಕಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಕ್ಲಚ್ ಪುಡಿಯಿಂದಾಗಿ ಒಂದೆರಡು ರೈಡಿಗೇ ಅದು ಕಪ್ಪಾಗುತ್ತದೆ. ನೋಡಬೇಕಾದ್ದು ಬೇರೆ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದರೆ ನೀರು ಸೇರಿದೆ ಎಂದರ್ಥ. ಒಂದೋ ವಾಟರ್ ಪಂಪಿನ ಸೀಲ್ ಹೋಗಿದೆ, ಇಲ್ಲವೇ ಹೊಳೆ ದಾಟುವಾಗ ಎಂಜಿನ್ ಉಸಿರಾಡುವ ಬ್ರೀದರ್ ಪೈಪಿನಿಂದ ನೀರು ಒಳಗೆ ಎಳೆದುಕೊಂಡಿದೆ. ಆಗ ಗಂಟೆಯ ಲೆಕ್ಕ ರದ್ದು. ಆಯಿಲ್ ಸುರಿದು, ಹೊಸದು ಹಾಕಿ, ಸ್ವಲ್ಪ ಹೊತ್ತು ಓಡಿಸಿ, ಅದನ್ನೂ ಸುರಿದು ಮತ್ತೊಮ್ಮೆ ಹಾಕಬೇಕು. ಇಂಥ ಹೊತ್ತಿನಲ್ಲಿ ದೊಡ್ಡ ಕ್ಯಾನಿನ ಬೆಲೆ ತಿಳಿಯುತ್ತದೆ: ದುಬಾರಿ ಡಬ್ಬಿಯಿದ್ದಿದ್ದರೆ ಆ ಎರಡನೇ ಬದಲಾವಣೆಗೆ ಕೈ ಬರುತ್ತಿರಲಿಲ್ಲ. ಆಯಿಲ್ ಮಟ್ಟ ತಾನಾಗಿಯೇ ಏರುತ್ತ ಪೆಟ್ರೋಲ್ ವಾಸನೆ ಹೊಡೆದರೂ ಅಷ್ಟೇ, ಕಾಯಬೇಡಿ. ಪದೇ ಪದೇ ಸ್ಟಾರ್ಟ್ ಮಾಡಿ, ಬಿಸಿಯಾಗುವ ಮೊದಲೇ ನಿಲ್ಲಿಸುವ ಬೈಕುಗಳಲ್ಲಿ ಇದು ಹೆಚ್ಚು.

ಮ್ಯಾಗ್ನೆಟ್ ಬೋಲ್ಟಿಗೆ ನನ್ನ ಪೂರ್ಣ ಅಂಕ. ಪ್ರತಿ ಸಲವೂ ಅದರ ತುದಿಯಲ್ಲಿ ಬೂದು ಬಣ್ಣದ ನುಣ್ಣನೆ ಪೇಸ್ಟ್ ಅಂಟಿರುತ್ತದೆ, ಅದು ಮಾಮೂಲು. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಮಾತ್ರ ಸೈಡ್ ಕವರ್ ಬಿಚ್ಚಬೇಕು. ಅಲ್ಯೂಮಿನಿಯಂ ಇದಕ್ಕೆ ಅಂಟುವುದಿಲ್ಲ ಎಂಬುದನ್ನು ಮರೆಯಬೇಡಿ. ಕ್ಲಚ್ ಪ್ಲೇಟುಗಳನ್ನು ಹಿಡಿದಿಡುವ ಅಲ್ಯೂಮಿನಿಯಂ ಬಾಸ್ಕೆಟ್ಟಿನ ಸವೆತ ಆಯಿಲಿನಲ್ಲಿ ಬೆಳ್ಳಿ ಮಿನುಗಾಗಿ ತೇಲುತ್ತದೆ, ಅದನ್ನು ಬಿಸಿಲಿಗೆ ಹಿಡಿದೇ ನೋಡಬೇಕು.

ಸ್ಟೀಲ್ ಜಾಲರಿ ಫಿಲ್ಟರ್ ಕೆಟ್ಟ ವಸ್ತುವೇನಲ್ಲ. 35 ಮೈಕ್ರಾನ್ ಎಂದು ಬರೆದ ಜಾಲರಿ, ಗಟ್ಟಿಮುಟ್ಟು, ಸಿಕ್ಕಿದ ಕಸ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಒಮ್ಮೆ ಕೊಂಡರೆ ಮುಗಿಯಿತು ಎಂಬ ಮಾತೇ ಸುಳ್ಳು. ಪ್ರತಿ ಸಲ ಸಾಲ್ವೆಂಟ್ ಬೇಕು, ಬ್ರಷ್ ಬೇಕು, ತೊಳೆದದ್ದನ್ನು ಸುರಿಯಲು ಜಾಗ ಬೇಕು, ಕೊನೆಗೆ ಬೆಳಕಿಗೆ ಹಿಡಿದು ಪ್ರತಿ ಮಡಿಕೆ ನೋಡುವ ತಾಳ್ಮೆ ಬೇಕು. ಅಂಚಿನ ಅಂಟು ಬಿಟ್ಟಿದೆಯೋ ಇಲ್ಲವೋ ಎಂಬ ಅನುಮಾನ ಬೇರೆ. ಬೇರೆ ಕಂಪನಿಗಳ ಪೇಪರ್ ಫಿಲ್ಟರನ್ನು ಒಟ್ಟಿಗೆ ಹಲವು ಕೊಂಡರೆ ಆಗುವ ಖರ್ಚು ನೋಡಿದಾಗ ಈ ಪೂಜೆ ನನಗೆ ಬೇಡವೆನಿಸಿತು. ಮರುಭೂಮಿ ಯಾತ್ರೆ ಹೋಗುವವರಿಗೆ, ಬಿಡಿಭಾಗ ಸಿಗದ ಕಡೆ ತಿಂಗಳುಗಟ್ಟಲೆ ಇರುವವರಿಗೆ ಅದು ಸರಿ ಹೋಗಬಹುದು. ಪೇಪರ್ ಫಿಲ್ಟರ್ ಹಾಕುವಾಗ ಒಂದು ಎಚ್ಚರ: ಒಂದು ಬದಿ ಮುಚ್ಚಿರುವ ಫಿಲ್ಟರನ್ನು ತಿರುಗುಮುರುಗಾಗಿ ಹಾಕಿದರೆ ಆಯಿಲಿನ ದಾರಿಯೇ ಕಟ್ಟಿಹೋಗುತ್ತದೆ. ಹೋಂಡಾದವರು ಹೊರಗೆ ಬರಬೇಕಾದ ಬದಿಯ ಮೇಲೇ ಬರೆದಿರುತ್ತಾರೆ, ಎಲ್ಲರೂ ಬರೆಯುವುದಿಲ್ಲ.

ಕೆಲಸವನ್ನು ಮನೆಯಲ್ಲೇ ಮಾಡದಿದ್ದರೆ ಈ ಉಳಿತಾಯಕ್ಕೆ ಅರ್ಥವಿಲ್ಲ, ಮೆಕ್ಯಾನಿಕ್ಕಿನ ಕೂಲಿಯೇ ಆಯಿಲಿನ ಬೆಲೆ ಮೀರಿಸುತ್ತದೆ. ಎಂಜಿನ್ ಬೆಚ್ಚಗಿರುವಾಗ ಬೋಲ್ಟ್ ಬಿಚ್ಚಿ, ಬೈಕನ್ನು ನೇರ ನಿಲ್ಲಿಸಿ ತೊಟ್ಟು ನಿಲ್ಲುವವರೆಗೆ ಬಿಡಿ. ಬಿಚ್ಚುವ ಮೊದಲು ಸುತ್ತಲಿನ ಕೆಸರು ತೊಳೆದಿರಬೇಕು ಎಂಬುದನ್ನು ಡರ್ಟ್ ಬೈಕಿನವರಿಗೆ ಹೇಳಬೇಕಿಲ್ಲ, ಆದರೂ ಹೇಳಿದ್ದೇನೆ. ತಾಮ್ರದ ವಾಷರ್ ಆದರೆ ಕೆಂಪಗೆ ಕಾಯಿಸಿ ತಣಿಸಿದರೆ ಮತ್ತೆ ಮೆತ್ತಗಾಗುತ್ತದೆ, ಇನ್ನೊಂದು ಸಲ ಬರುತ್ತದೆ. ಅಲ್ಯೂಮಿನಿಯಂ ವಾಷರ್ ಹೊಸದೇ ಹಾಕಿ. ಟಾರ್ಕ್ ರೆಂಚ್ ಇಲ್ಲದೆ ಬೋಲ್ಟ್ ಬಿಗಿಯಬೇಡಿ. ಬಹಳಷ್ಟು ಬೈಕುಗಳ ಡ್ರೈನ್ ಬೋಲ್ಟಿಗೆ 20 ನ್ಯೂಟನ್ ಮೀಟರಿನ ಆಸುಪಾಸು ಸಾಕು, ನಿಮ್ಮ ಕೈಪಿಡಿ ಹೇಳಿದ್ದೇ ಅಂತಿಮ. ಕೈಯಂದಾಜಿನ ಬಿಗಿತಕ್ಕೆ ಅಲ್ಯೂಮಿನಿಯಂ ಕೇಸಿನ ಥ್ರೆಡ್ ಹೋದರೆ ವರ್ಷಗಳ ಆಯಿಲ್ ಉಳಿತಾಯ ಒಂದೇ ದಿನದಲ್ಲಿ ಖಾಲಿ. ಆಯಿಲ್ ತುಂಬಿ, ಎರಡು ಮೂರು ನಿಮಿಷ ಓಡಿಸಿ, ನಿಲ್ಲಿಸಿ, ಅಷ್ಟೇ ಹೊತ್ತು ಬಿಟ್ಟು ಮಟ್ಟ ನೋಡಿ. ಸುಜುಕಿ ಡಿಆರ್-ಝಡ್400ರಂತೆ ಫ್ರೇಮಿನಲ್ಲಿ ಆಯಿಲ್ ಇಡುವ ಡ್ರೈ ಸಂಪ್ ಬೈಕುಗಳಲ್ಲಿ ಓಡಿಸದೆ ನೋಡಿದ ಮಟ್ಟಕ್ಕೆ ಬೆಲೆಯೇ ಇಲ್ಲ. ಹೆಚ್ಚು ಹಾಕಿದರೆ ಬ್ರೀದರಿನಿಂದ ಉಕ್ಕಿ ಏರ್ ಬಾಕ್ಸ್ ಸೇರುತ್ತದೆ.

ಬೈಕಿನ ಕೈಪಿಡಿ 10ಡಬ್ಲ್ಯೂ-50 ಅಥವಾ 10ಡಬ್ಲ್ಯೂ-60 ಕೇಳಿದರೆ ಈ ವಿಮರ್ಶೆ ನಿಮಗಲ್ಲ, 40 ಗ್ರೇಡಿನ ಡೀಸೆಲ್ ಆಯಿಲ್ ಆ ಜಾಗ ತುಂಬುವುದಿಲ್ಲ. ವಾರಂಟಿ ಇರುವ ಹೊಸ ಬೈಕಿನವರೂ ಕೈಪಿಡಿಯ ದರ್ಜೆಯನ್ನೇ ಹಾಕಿ, ಬಿಲ್ ಇಟ್ಟುಕೊಳ್ಳಿ. ಟೂ ಸ್ಟ್ರೋಕ್ ಗೆಳೆಯರಿಗೆ ತಲೆನೋವು ಕಡಿಮೆ. ಅವರ ಗೇರ್‌ಬಾಕ್ಸಿಗೆ ಉರಿತದ ಮಸಿ ಬರುವುದಿಲ್ಲ, ಕ್ಲಚ್ ಪುಡಿ, ಲೋಹದ ಪುಡಿ ಮಾತ್ರ. ಅಲ್ಲೂ ಎಂಎ2 ಇರುವ ಸರಿಯಾದ ಗ್ರೇಡ್ ನಡೆಯುತ್ತದೆ. ಪೆಟ್ರೋಲಿಗೆ ಬೆರೆಸುವ ಟೂ-ಟಿ ಆಯಿಲಿನಲ್ಲಿ ಮಾತ್ರ ಈ ಪ್ರಯೋಗ ಬೇಡ.

ಗ್ಲೌಸ್ ಹಾಕಿಕೊಳ್ಳಿ, ಹಳೆಯ ಎಂಜಿನ್ ಆಯಿಲ್ ಚರ್ಮಕ್ಕೆ ಒಳ್ಳೆಯದಲ್ಲ. ನಾನು ಖಾಲಿಯಾದ ಕ್ಯಾನಿಗೇ ಹಳೆಯದನ್ನು ತುಂಬಿಟ್ಟು, ಮರುಬಳಕೆಗೆ ತೆಗೆದುಕೊಳ್ಳುವಲ್ಲಿ ಕೊಡುತ್ತೇನೆ. ಪದೇ ಪದೇ ಬದಲಿಸುವವರು ಇದನ್ನು ಮೊದಲೇ ಯೋಚಿಸಿಟ್ಟುಕೊಳ್ಳಬೇಕು.

ಈಗಿನ ಕ್ಯಾನ್ ಮುಗಿದ ಮೇಲೆ ಎಂಎ2 ಇರುವ 15ಡಬ್ಲ್ಯೂ-40 ಹಾಕಿ ನೋಡುವ ಯೋಚನೆಯಿದೆ. ನನ್ನ ಕೈಪಿಡಿಯ ಉಷ್ಣಾಂಶದ ಪಟ್ಟಿ ಅದನ್ನು ಒಪ್ಪುತ್ತದೆ. ಎರಡು ಸಂಖ್ಯೆಗಳ ಅಂತರ ಕಡಿಮೆಯಾದರೆ ಪಾಲಿಮರಿನ ಮೇಲಿನ ಅವಲಂಬನೆಯೂ ಸಾಮಾನ್ಯವಾಗಿ ಕಡಿಮೆ, ಹಾಗಾಗಿ ಗೇರಿನ ಕಟಕಟ ಇನ್ನಷ್ಟು ತಡವಾಗಿ ಬರಬೇಕು. ಬೆಳಗಿನ ಚಳಿಯಲ್ಲಿ ಸ್ಟಾರ್ಟರ್ ಎಷ್ಟು ಗೊಣಗುತ್ತದೆ ಎಂಬುದನ್ನೂ ನೋಡಿ ಇದೇ ವಿಮರ್ಶೆಗೆ ಸೇರಿಸುತ್ತೇನೆ.