ಬೆಟ್ಟೆ, ಗೊರಬಲು ಕೇಳಿ ಬರೆದುಕೊಂಡ ವಕೀಲೆ

ಮಂಡಗದ್ದೆ ಹತ್ತಿರ ನಮ್ಮ ಯಜಮಾನರ ಬೈಕಿಗೆ ಪಿಕಪ್ ಗುದ್ದಿ ತಲೆಗೆ ಪೆಟ್ಟಾಯಿತು. ಮೊದಲು ಹೋದ ವಕೀಲರು ಕುರ್ಚಿ ತೋರಿಸುವ ಮೊದಲೇ ಪರಿಹಾರದಲ್ಲಿ ಕಾಲು ಪಾಲು ಕೇಳಿದರು. ಹಾಗೆ ಪಾಲು ಕೇಳುವುದು ವಕೀಲರ ಪರಿಷತ್ತಿನ ನಿಯಮಕ್ಕೇ ವಿರುದ್ಧ ಎಂದು ತಿಳಿದದ್ದು ಆಮೇಲೆ.

ಎರಡನೆಯವರು ಶಿವಮೊಗ್ಗದ ಒಬ್ಬ ವಕೀಲೆ. ಕೋಣೆ ಇಕ್ಕಟ್ಟು, ಮೆಟ್ಟಿಲು ಕಡಿದು. ಓಲಾಡುವವರನ್ನು ಹತ್ತಿಸುವುದು ಸಾಹಸವೇ. ಆದರೆ ಅವರು ಕಾಗದ ಬಿಡಿಸುವ ಮೊದಲು, "ಈಗ ಇವರಿಗೆ ಏನೇನು ಮಾಡಲು ಆಗುವುದಿಲ್ಲ, ಹೇಳಿ ಅಮ್ಮಾ" ಎಂದರು. ಕಣ್ಣು ಮುಚ್ಚಿಕೊಂಡು ಅಡಿಕೆಯ ತರಗಳಾದ ಬೆಟ್ಟೆ, ಗೊರಬಲು ಬೇರ್ಪಡಿಸುತ್ತಿದ್ದ ಮನುಷ್ಯ ಈಗ ಎರಡನ್ನೂ ಒಂದೇ ಚೀಲಕ್ಕೆ ಸುರಿಯುತ್ತಾರೆ, ಕೇಳಿದರೆ ರೇಗುತ್ತಾರೆ ಎಂದೆ. ಅದನ್ನೇ ದಿನಾಂಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡಲು ಹೇಳಿದರು. ಗಾಯ ಒಣಗಿದೆ ಎನ್ನುವ ಚೀಟಿ ಸಾಲದೆಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನೆನಪು, ಗಮನಗಳ ಪರೀಕ್ಷೆ ಮಾಡಿಸಿದರು. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಅರ್ಜಿಗೆ ಆರು ತಿಂಗಳ ಗಡುವು. ನಾವು ಹೋದದ್ದು ಐದನೆಯ ತಿಂಗಳಲ್ಲಿ. ಬೈಸಿಕೊಂಡೆ, ವಾರದೊಳಗೆ ಅರ್ಜಿ ಸಲ್ಲಿಕೆಯಾಯಿತು.

ಒಂದೇ ದೂರು: ಫೋನ್ ಎತ್ತುವುದಿಲ್ಲ. ಸಂಜೆ ಆರರ ಮೇಲೆ ಖುದ್ದಾಗಿ ಹೋಗಬೇಕು, ಅಷ್ಟರಲ್ಲಿ ನಮ್ಮೂರಿನ ಕೊನೆಯ ಬಸ್ ಹೊರಟಿರುತ್ತದೆ. ಶುಲ್ಕಕ್ಕೆ ರಸೀದಿ ಕೊಡುತ್ತಾರೆ. ಶುಲ್ಕ ಕೊಡಲು ಆಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಹೆಂಗಸರಿಗೂ ಅಂಗವಿಕಲರಿಗೂ ಅಲ್ಲಿ ಉಚಿತ ಕಾನೂನು ನೆರವು ಉಂಟು. ಇದನ್ನು ಹೇಳಿದವರೂ ಈ ವಕೀಲೆಯೇ, ತಮ್ಮ ಕಕ್ಷಿದಾರಳು ಕೈತಪ್ಪಿ ಹೋದರೂ ಸರಿ ಎಂಬಂತೆ.

ಪ್ರಕರಣ ಇನ್ನೂ ನಡೆಯುತ್ತಿದೆ. ನೋಟ್‌ಬುಕ್ ಎರಡನೆಯದಕ್ಕೆ ಬಂದಿದೆ.